ಲೈಕೆನ್ ಸ್ಕ್ಲೀರೋಸಸ್: ಯಾವ ಮುಲಾಮು, ಎಷ್ಟು, ಎಲ್ಲಿಯವರೆಗೆ

ಜನನಾಂಗದ ಬಿಳಿ ಕಲೆ, ತುರಿಕೆಯನ್ನು ಚರ್ಮದ ಡಾಕ್ಟರು ನೋಡಿ ‘ಲೈಕೆನ್ ಸ್ಕ್ಲೀರೋಸಸ್’ ಎಂದು ಹೆಸರು ಹೇಳಿ, ಚೀಟಿಯಲ್ಲಿ ಒಂದು ಸ್ಟಿರಾಯ್ಡ್ (ಉರಿಯೂತ ತಗ್ಗಿಸುವ) ಮುಲಾಮು, ಹೆಚ್ಚಾಗಿ ಕ್ಲೊಬೆಟಾಸಾಲ್, ಬರೆದು, ಮೂರು ತಿಂಗಳು ಹಚ್ಚಿ ಬನ್ನಿ ಎಂದು ಕಳಿಸಿದ್ದಾರೆ. ಗೊಂದಲ ಶುರುವಾಗುವುದು ಮೆಡಿಕಲ್ ಅಂಗಡಿಯ ಮುಂದೆ ನಿಂತಾಗ. ಒಂದೇ ಹೆಸರಿನ ನಾಲ್ಕು ಟ್ಯೂಬುಗಳಿರುತ್ತವೆ. ಒಂದು ಕ್ರೀಮು, ಒಂದು ಆಯಿಂಟ್ಮೆಂಟು, ಇನ್ನೆರಡರ ಹೆಸರಿನ ಬಾಲಕ್ಕೆ ಏನೋ ಅಕ್ಷರ. ಮನೆಗೆ ಬಂದು ಡಬ್ಬಿಯೊಳಗಿನ ಚೀಟಿ ಬಿಚ್ಚಿದರೆ ‘ಎರಡು ವಾರಕ್ಕಿಂತ ಹೆಚ್ಚು ಬೇಡ, ಜನನಾಂಗಕ್ಕೆ ಬೇಡ’ ಎಂದಿರುತ್ತದೆ. ಪಕ್ಕದ ಮನೆಯ ಅಕ್ಕ ಕೊಬ್ಬರಿ ಎಣ್ಣೆ ಸಾಕು ಅನ್ನುತ್ತಾಳೆ. ಯಾವುದನ್ನು ಯಾಕೆ ಆರಿಸಬೇಕು, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿದೆ.

ಮೊದಲು ರೋಗದ ಬಗ್ಗೆ ಎರಡು ಮಾತು. ಇದು ಸೋಂಕಲ್ಲ, ಗಂಡ ಹೆಂಡತಿ ನಡುವೆ ಅಂಟುವುದೂ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ, ಲೈಂಗಿಕ ರೋಗ, ಕುಷ್ಠ ಮೂರಕ್ಕೂ ಸಾಮಾನ್ಯವಾಗಿ ಒಂದೇ ವಿಭಾಗ. ಆ ಬೋರ್ಡಿನ ಕೆಳಗೆ ಪಾಳಿ ಹಚ್ಚಿ ನಿಂತದ್ದಕ್ಕೇ ‘ಗುಪ್ತರೋಗ’ ಬಂದಿದೆ ಎಂದುಕೊಂಡು ಚೀಟಿಯನ್ನೇ ಬಚ್ಚಿಡುವವರಿದ್ದಾರೆ. ಹಾಗೇನೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ಎಗರಿ ಬಿದ್ದು ಉರಿಯೂತ ಎಬ್ಬಿಸುತ್ತದೆ. ಚರ್ಮ ಬೆಳ್ಳಗಾಗಿ, ತೆಳುವಾಗಿ, ಉಳ್ಳಾಗಡ್ಡಿಯ ಒಳಪೊರೆಯ ಹಾಗೆ ಸುಕ್ಕುಗಟ್ಟುತ್ತದೆ. ರಾತ್ರಿ ಕಡಿತ (ತುರಿಕೆ) ಹೆಚ್ಚು. ತುರಿಸಿದರೆ ಸೀಳು, ಸೀಳಿಗೆ ಮೂತ್ರ ತಾಗಿದರೆ ಉರಿ. ಹೆಣ್ಣುಮಕ್ಕಳಲ್ಲಿ ಹೊರಗಿನ ಭಾಗ ಮತ್ತು ಗುದದ ಸುತ್ತ ಸೇರಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಹಬ್ಬುತ್ತದೆ. ಯೋನಿಯ ಒಳಗೆ ಹೋಗುವುದಿಲ್ಲ. ಬೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ ತೊನ್ನು ಅಂದುಕೊಳ್ಳಬೇಡಿ. ತೊನ್ನಿನಲ್ಲಿ ಬಣ್ಣ ಮಾತ್ರ ಹೋಗುತ್ತದೆ, ಚರ್ಮದ ಮೈ ಮೊದಲಿನಂತೆಯೇ ಇರುತ್ತದೆ. ಎರಡೂ ಒಟ್ಟಿಗೆ ಇರುವುದುಂಟು. ಥೈರಾಯ್ಡ್ ತೊಂದರೆ ಇರುವ ಹೆಣ್ಣುಮಕ್ಕಳಲ್ಲೂ ಇದು ಹೆಚ್ಚು ಕಾಣುವುದರಿಂದ, ಡಾಕ್ಟರು ಆ ರಕ್ತಪರೀಕ್ಷೆ ಬರೆದರೆ ‘ಇದಕ್ಕೂ ಅದಕ್ಕೂ ಏನು ಸಂಬಂಧ’ ಎಂದು ಬಿಡಬೇಡಿ.

ಇದು ಬೇರುಸಹಿತ ಹೋಗುವ ರೋಗವಲ್ಲ, ಹದ್ದುಬಸ್ತಿನಲ್ಲಿ ಇಡುವ ರೋಗ. ಹಾಗೇ ಬಿಟ್ಟರೆ ಒಳತುಟಿಗಳು ಕರಗಿ ಅಂಟಿಕೊಳ್ಳುತ್ತವೆ, ದ್ವಾರ ಕಿರಿದಾಗುತ್ತದೆ, ವರ್ಷಗಳ ನಂತರ ಒಂದು ಸಣ್ಣ ಪಾಲಿನವರಲ್ಲಿ ಅದೇ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ. ಅದನ್ನು ತಡೆಯುವ ಶಕ್ತಿ ಮುಲಾಮಿಗೆ ಇದೆಯೇ? 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ 507 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಹೇಳಿದಂತೆ ಬಿಡದೆ ಹಚ್ಚಿದ 357 ಮಂದಿಯಲ್ಲಿ ಒಬ್ಬರಿಗೂ ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆ ಬರಲಿಲ್ಲ. ಮನಸ್ಸಿಗೆ ಬಂದಾಗ ಹಚ್ಚಿದ 150 ಮಂದಿಯಲ್ಲಿ 7 ಮಂದಿಗೆ ಬಂತು. ಯಾವ ಟ್ಯೂಬು ಎಂಬುದರ ಚರ್ಚೆಗಿಂತ ಈ ಎರಡು ಸಂಖ್ಯೆ ಹೆಚ್ಚು ತೂಕದವು. ಜೋರು ಮದ್ದಿಗೆ ಹೆದರಿ ಅರ್ಧಂಬರ್ಧ ಹಚ್ಚುವುದೇ ಇಲ್ಲಿ ನಿಜವಾದ ಅಪಾಯ.

ಅಂಗಡಿಯಲ್ಲಿ: ಆಯಿಂಟ್ಮೆಂಟೋ, ಕ್ರೀಮೋ, ಮಿಶ್ರಣವೋ

ಕ್ರೀಮಿನಲ್ಲಿ ನೀರಿರುತ್ತದೆ. ನೀರು ಕೆಡದಂತೆ ಪ್ರಿಸರ್ವೇಟಿವ್, ನೀರು ಎಣ್ಣೆ ಬೆರೆಯಲು ಬೇರೆ ರಾಸಾಯನಿಕ, ಬಹಳ ಸಲ ಪ್ರೊಪಿಲೀನ್ ಗ್ಲೈಕಾಲ್. ಸೀಳು ಬಿದ್ದ ಚರ್ಮಕ್ಕೆ ಇವು ಚುರುಗುಡುತ್ತವೆ, ಕೆಲವರಿಗೆ ಅಲರ್ಜಿಯನ್ನೂ ತರುತ್ತವೆ. ಆಯಿಂಟ್ಮೆಂಟಿನ ಬುಡ ವ್ಯಾಸಲೀನಿನಂಥ ಜಿಡ್ಡು. ಚುರುಗುಡುವುದು ಕಡಿಮೆ, ಅಂಟಿಕೊಂಡು ನಿಲ್ಲುತ್ತದೆ, ಮದ್ದು ಚರ್ಮದೊಳಗೆ ಇಳಿಯುವುದೂ ಹೆಚ್ಚು. ಮೈಗೆ ಮೆತ್ತಿದಂತಾಗುವುದು, ಅರಿವೆಗೆ ಕಲೆ ಹತ್ತುವುದು ಅದರ ದೋಷ. ಆ ದೋಷ ಸಹಿಸಿ ಆಯಿಂಟ್ಮೆಂಟನ್ನೇ ತೆಗೆದುಕೊಳ್ಳಿ. ಎರಡರ ಡಬ್ಬಿಯೂ ಒಂದೇ ಬಣ್ಣದ್ದಿರುತ್ತದೆ, ಕ್ರೀಮೇ ಹೆಚ್ಚು ಖರ್ಚಾಗುವುದರಿಂದ ಕೈಗೆ ಮೊದಲು ಸಿಗುವುದೂ ಅದೇ. ಹಿಂಡಿ ನೋಡಿದರೆ ತಿಳಿಯುತ್ತದೆ: ಬೆಣ್ಣೆಯಂತೆ ಅಚ್ಚ ಬಿಳಿಯದು ಕ್ರೀಮು, ಅರೆಪಾರದರ್ಶಕವಾಗಿ ಜಿಗುಟಾಗಿರುವುದು ಆಯಿಂಟ್ಮೆಂಟು.

ಇನ್ನು ಹೆಸರಿನ ಬಾಲ. ಬಹಳಷ್ಟು ಕಂಪನಿಗಳ ಟ್ಯೂಬಿನಲ್ಲಿ ಎಂ ಎಂದರೆ ಮೈಕೊನಜೋಲ್, ಜಿ ಎಂದರೆ ಜೆಂಟಾಮೈಸಿನ್, ಎನ್ ಎಂದರೆ ನಿಯೋಮೈಸಿನ್, ಜಿಎಂ ಎಂದರೆ ಜೆಂಟಾಮೈಸಿನ್ ಮೈಕೊನಜೋಲ್ ಎರಡೂ, ಎಸ್ ಎಂದರೆ ಸ್ಯಾಲಿಸಿಲಿಕ್ ಆಸಿಡ್. ಈ ರೋಗಕ್ಕೆ ಬಾಲವಿಲ್ಲದ್ದೇ ಬೇಕು. ನಿಯೋಮೈಸಿನ್ ಅಲರ್ಜಿಗೆ ಹೆಸರಾದ ಮದ್ದು. ಎಸ್ ಬಾಲದ್ದು ಅಂಗಾಲಿನ ದಪ್ಪ ಚರ್ಮ ಸುಲಿಯಲು ಮಾಡಿದ್ದು, ಈ ಜಾಗಕ್ಕೆ ಹಚ್ಚಿದರೆ ಬಚ್ಚಲಿಗೆ ಓಡಬೇಕಾಗುತ್ತದೆ. ಕಟ್ಟೆಯ ಮುಂದೆ ನಾಲ್ಕು ಮಂದಿ ನಿಂತಿರುವಾಗ ನಾಚಿಕೆಯಿಂದ ಚೀಟಿ ತೋರಿಸದೆ ‘ಕಡಿತದ್ದೊಂದು ಟ್ಯೂಬ್ ಕೊಡ್ರಿ’ ಅಂದರೆ ಕೈಗೆ ಬರುವುದು ಇಂಥ ಮಿಶ್ರಣವೇ. ಗಜಕರ್ಣಕ್ಕೂ ಅದೇ, ಸೊಳ್ಳೆ ಕಚ್ಚಿದ್ದಕ್ಕೂ ಅದೇ. ಈ ಚಾಳಿಯಿಂದಲೇ ದೇಶದ ತುಂಬ ಹಟಮಾರಿ ಗಜಕರ್ಣ ಹಬ್ಬಿದೆ ಎಂದು ಚರ್ಮವೈದ್ಯರು ವರ್ಷಗಳಿಂದ ಕೂಗುತ್ತಿದ್ದಾರೆ. 2018ರಿಂದ ಸ್ಟಿರಾಯ್ಡ್ ಮುಲಾಮುಗಳು ಷೆಡ್ಯೂಲ್ ಎಚ್ ಪಟ್ಟಿಯಲ್ಲಿವೆ, ಚೀಟಿ ಇಲ್ಲದೆ ಮಾರುವಂತಿಲ್ಲ. ಮಾತಾಡಲು ಮುಜುಗರವಾದರೆ ಚೀಟಿಯನ್ನು ಮುಂದಿಟ್ಟು ಬೆರಳು ತೋರಿಸಿ, ಅಷ್ಟೇ.

ಕ್ಲೊಬೆಟಾಸಾಲ್ ಶೇ. 0.05: ಮೊದಲ ಆಯ್ಕೆ

ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ ಇದು ಮೇಲಿನ ಮೆಟ್ಟಿಲಿನದು, ಅತಿ ಪ್ರಬಲ. ಈ ರೋಗದಲ್ಲಿ ಮೇಲಿನಿಂದಲೇ ಶುರು ಮಾಡುವುದು ರೂಢಿ. ಬ್ರಿಟನ್ನಿನ ಚರ್ಮವೈದ್ಯರ ಸಂಘದ 2018ರ ಮಾರ್ಗಸೂಚಿಯ ಕ್ರಮ ಹೀಗಿದೆ: ಮೊದಲ ತಿಂಗಳು ದಿನಕ್ಕೆ ಒಮ್ಮೆ, ಎರಡನೇ ತಿಂಗಳು ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆ ಎರಡು ಸಲ. ನಿಮ್ಮ ಡಾಕ್ಟರು ಸ್ವಲ್ಪ ಬೇರೆಯಾಗಿ ಬರೆದಿರಬಹುದು; ಅವರು ಬರೆದದ್ದನ್ನೇ ಹಿಡಿಯಿರಿ.

ಲೆಕ್ಕ ಹಾಕಿ ನೋಡಿ. 30 ಸಲ, 15 ಸಲ, ಮೇಲೆ ಎಂಟು: ಒಟ್ಟು 53 ಸಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಎಳೆದ ಗೆರೆಗೆ ಸುಮಾರು ಅರ್ಧ ಗ್ರಾಂ. ಪ್ರತಿ ಸಲ ಅಷ್ಟೂ ಹಚ್ಚಿದರೂ ಮೂರು ತಿಂಗಳಿಗೆ 27 ಗ್ರಾಂ ದಾಟುವುದಿಲ್ಲ. ಹೆಚ್ಚಿನವರಿಗೆ ಅದರ ಅರ್ಧ, ಅಂದರೆ ಒಂದು ಅವರೆಕಾಳಿನಷ್ಟೇ ಸಾಕು. ಒಂದು 30 ಗ್ರಾಂ ಟ್ಯೂಬು ಮೂರು ತಿಂಗಳಿಗೆ ಬರಬೇಕು. ಮೂರು ವಾರಕ್ಕೇ ಮುಗಿದಿದ್ದರೆ ತೊಡೆಗೆಲ್ಲ ಬಳಿಯುತ್ತಿದ್ದೀರಿ. ಮೂರು ತಿಂಗಳಾದರೂ ಟ್ಯೂಬಿನ ಹೊಟ್ಟೆ ಉಬ್ಬಿಕೊಂಡೇ ಇದ್ದರೆ ಹಚ್ಚುತ್ತಿಲ್ಲ.

ಡಬ್ಬಿಯೊಳಗಿನ ಚೀಟಿಯ ಎಚ್ಚರಿಕೆಗೂ ಉತ್ತರ ಈ ಲೆಕ್ಕದಲ್ಲೇ ಇದೆ. ಆ ಚೀಟಿ ಬರೆದದ್ದು ಮೈತುಂಬ ಇಸುಬು ಇರುವವರನ್ನು ಕಣ್ಣ ಮುಂದಿಟ್ಟುಕೊಂಡು. ವಾರಕ್ಕೆ 50 ಗ್ರಾಂ ಮೀರಬಾರದು ಎಂದು ಅದರಲ್ಲೇ ಇರುತ್ತದೆ. ನೀವು ಹಚ್ಚುವುದು ವಾರಕ್ಕೆ ಹೆಚ್ಚೆಂದರೆ ಮೂರೂವರೆ ಗ್ರಾಂ. ಒಳತುಟಿಯಂಥ ಭಾಗದ ಚರ್ಮ ಸ್ಟಿರಾಯ್ಡ್‌ಗೆ ಅಷ್ಟು ಬೇಗ ತೆಳುವಾಗುವುದೂ ಇಲ್ಲ. ತೆಳುವಾಗುವುದು ಪಕ್ಕದ ತೊಡೆಸಂದಿ, ಕೂದಲಿರುವ ಜಾಗ, ಗುದದ ಸುತ್ತಿನ ಚರ್ಮ. ಹಾಗಾಗಿ ಎಷ್ಟು ಹಚ್ಚಬೇಕು ಎಂಬುದಕ್ಕಿಂತ ಎಲ್ಲಿ ಹಚ್ಚಬೇಕು ಎಂಬುದು ತಿಳಿದಿರಬೇಕು.

ಮೊದಲ ಸಲ ಕೈಗನ್ನಡಿ ಬೇಕೇ ಬೇಕು. ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಆ ಜಾಗವನ್ನು ಒಮ್ಮೆಯೂ ನೋಡಿಕೊಂಡಿರುವುದಿಲ್ಲ. ಅಂದಾಜಿನಲ್ಲಿ ಹಚ್ಚಿದ ಮದ್ದು ಕೂದಲಿಗೆ ಹೋಗುತ್ತದೆ, ಬೇಕಾದ ಮಡಿಕೆಗೆ ಹೋಗುವುದಿಲ್ಲ. ರಾತ್ರಿ ಮಲಗುವ ಮುನ್ನ ಮೂತ್ರಕ್ಕೆ ಹೋಗಿ ಬಂದು, ಬರೀ ನೀರಿನಿಂದ ತೊಳೆದು, ಹಳೆಯ ಮೆತ್ತನೆ ಹತ್ತಿ ಅರಿವೆಯಿಂದ ಒತ್ತಿ ಒರೆಸಿಕೊಳ್ಳಿ, ಉಜ್ಜಬೇಡಿ. ಹಾಸಿಗೆಯ ಮೇಲೆ ದಿಂಬಿಗೆ ಒರಗಿ, ಮೊಣಕಾಲು ಮಡಚಿ, ಕನ್ನಡಿ ಮುಂದಿಟ್ಟು, ಬೆಳ್ಳಗಾದದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ನೋಡಿ. ಒಂದು ಕೈಯಿಂದ ಮಡಿಕೆ ಬಿಡಿಸಿ, ಇನ್ನೊಂದರ ತೋರುಬೆರಳಿನಿಂದ ಮೇಲಿನ ತುದಿಯಿಂದ ಕೆಳಗಿಳಿಯುತ್ತ ಒಳತುಟಿ ಹೊರತುಟಿ ನಡುವಿನ ತೋಡು, ದ್ವಾರದ ಕೆಳಅಂಚು, ಗುದದ ಸುತ್ತ ಬೆಳ್ಳಗಿದ್ದರೆ ಅಲ್ಲಿಯೂ ತೆಳುವಾಗಿ ಸವರಿ. ಅರ್ಧ ನಿಮಿಷ ಮೆತ್ತಗೆ ತಿಕ್ಕಿ ಇಳಿಸಿ. ಮುಗಿದ ಮೇಲೆ ಮಿರುಗು ಕಾಣಬೇಕು, ಮುದ್ದೆ ಕಾಣಬಾರದು. ಕೈಯನ್ನು ಸಾಬೂನಿನಿಂದ ತೊಳೆಯದೆ ಕಣ್ಣು ಮುಟ್ಟಬೇಡಿ, ಬೆಳಿಗ್ಗೆಯ ರೊಟ್ಟಿಯ ಹಿಟ್ಟಿಗೂ ಆ ಕೈ ಹಾಕಬೇಡಿ.

ಹಚ್ಚುವ ಮುನ್ನವೂ ಕೈ ತೊಳೆಯಬೇಕು. ಬ್ಯಾಡಗಿ ಸುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಒಂದು ಮಾತು: ಖಾರದ ಅಂಶ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಕೈಗೆ ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸಾಬೂನು ಹಾಕಿ ಎರಡು ಸಲ ತೊಳೆಯಿರಿ. ಇಲ್ಲದಿದ್ದರೆ ಖಾರದ ಉರಿಯನ್ನು ಮದ್ದಿನ ಉರಿ ಎಂದುಕೊಂಡು ಒಳ್ಳೆಯ ಟ್ಯೂಬನ್ನು ಎಸೆಯುತ್ತೀರಿ.

ಕಡಿತ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಸೀಳು ಮಾಯುತ್ತವೆ. ಬಿಳಿ ಬಣ್ಣ ತಿರುಗಲು ತಿಂಗಳುಗಳೇ ಬೇಕು, ಕೆಲವರಿಗೆ ಪೂರ್ತಿ ತಿರುಗುವುದೇ ಇಲ್ಲ. ಅಂಟಿಕೊಂಡ ಮಡಿಕೆ ಮುಲಾಮಿನಿಂದ ಬಿಡಿಸಿಕೊಳ್ಳುವುದಿಲ್ಲ. ಹೆಚ್ಚಿನವರು ಸೋಲುವುದು ಮೂರನೇ ವಾರದಲ್ಲಿ: ಕಡಿತ ನಿಂತಿತು, ಇನ್ಯಾಕೆ ಎಂದು ಟ್ಯೂಬು ಕಪಾಟು ಸೇರುತ್ತದೆ. ಕಡಿತ ನಿಂತಾಗಲೂ ಒಳಗಿನ ಉರಿಯೂತ ಪೂರ್ತಿ ಆರಿರುವುದಿಲ್ಲ, ಬೂದಿ ಮುಚ್ಚಿದ ಕೆಂಡದ ಹಾಗೆ. ಮೂರು ತಿಂಗಳ ನಂತರವೂ ಹಲವರಿಗೆ ವಾರಕ್ಕೆ ಒಂದೆರಡು ಸಲದ ಹಚ್ಚುವಿಕೆ ಉಳಿಯುತ್ತದೆ; ವರ್ಷಕ್ಕೆ 30ರಿಂದ 60 ಗ್ರಾಂ ಮಾಮೂಲು. ದಿನ ನೆನಪಿಡಲು ಕ್ಯಾಲೆಂಡರಿನಲ್ಲಿ ಸೋಮವಾರ, ಗುರುವಾರಕ್ಕೆ ಚುಕ್ಕಿ ಇಟ್ಟುಕೊಳ್ಳಿ. ಹಾಲಿನ ಲೆಕ್ಕದ ಚುಕ್ಕಿಗಳ ನಡುವೆ ಯಾರಿಗೂ ಗೊತ್ತಾಗುವುದಿಲ್ಲ.

ಮೊಮೆಟಾಸೋನ್ ಶೇ. 0.1

ಒಂದು ಮೆಟ್ಟಿಲು ಕೆಳಗಿನ ಸ್ಟಿರಾಯ್ಡ್. ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಮೂರು ತಿಂಗಳಿಗೆ ಕ್ಲೊಬೆಟಾಸಾಲ್‌ಗೆ ಸರಿಸಾಟಿಯಾಗಿ ನಿಂತಿದೆ. ಹಾಗಾದರೆ ಇದನ್ನೇ ಮೊದಲು ಯಾಕಲ್ಲ? ರೋಗ ಹೊಸದು, ಚರ್ಮ ದಪ್ಪಗಟ್ಟಿಲ್ಲ ಎಂದರೆ ಇದರಿಂದಲೇ ಶುರು ಮಾಡುವ ಡಾಕ್ಟರೂ ಇದ್ದಾರೆ. ದಪ್ಪಗೆ ಬೆಳ್ಳಗೆ ಗಟ್ಟಿಯಾದ ಚರ್ಮಕ್ಕೆ ಕ್ಲೊಬೆಟಾಸಾಲ್‌ನ ಹಿಂದೆ ಇರುವಷ್ಟು ದೀರ್ಘ ಅನುಭವ ಇದಕ್ಕಿಲ್ಲ. ನಮ್ಮ ಮಟ್ಟಿಗೆ ಇದರ ಸರಿಯಾದ ಜಾಗ ಎರಡನೇ ಹಂತ: ಮೂರು ತಿಂಗಳಲ್ಲಿ ರೋಗ ತಗ್ಗಿದ ಮೇಲೆ, ವಾರಕ್ಕೆ ಎರಡು ಸಲ ವರ್ಷಗಟ್ಟಲೆ ನಡೆಸುವ ಕಾಯಂ ಮದ್ದು. ಗುದದ ಸುತ್ತ ಮಾತ್ರ ಇರುವವರಿಗೂ ಇದು ಹಗುರ. ಇದರಲ್ಲೂ ಆಯಿಂಟ್ಮೆಂಟನ್ನೇ ಕೇಳಿ, ಎಸ್ ಬಾಲವನ್ನು ಬಿಡಿ.

ಶೇ. 1ರ ಹೈಡ್ರೊಕಾರ್ಟಿಸೋನ್ ಇಲ್ಲಿ ಸಾಲದು. ಮೆದುವಾದದ್ದು ಎಂಬ ನೆಮ್ಮದಿಯಲ್ಲಿ ಆರು ತಿಂಗಳು ಕಳೆದು, ಅಷ್ಟರಲ್ಲಿ ಮಡಿಕೆ ಅಂಟಿಕೊಂಡಿರುತ್ತದೆ.

ಟ್ಯಾಕ್ರೊಲಿಮಸ್

ಇದು ಸ್ಟಿರಾಯ್ಡ್ ಅಲ್ಲ, ಹಾಗಾಗಿ ಚರ್ಮ ತೆಳುವಾಗಿಸುವುದಿಲ್ಲ. ಅಷ್ಟು ಕೇಳಿದ ಕೂಡಲೇ ಎಲ್ಲರಿಗೂ ಇದೇ ಬೇಕೆನಿಸುತ್ತದೆ. ಆದರೆ 2014ರಲ್ಲಿ ಪ್ರಕಟವಾದ, ಎರಡನ್ನೂ ನೇರ ಹೋಲಿಸಿದ ಪ್ರಯೋಗದಲ್ಲಿ ಕ್ಲೊಬೆಟಾಸಾಲ್ ಮುಂದಿತ್ತು. ಬೆಲೆಯೂ ಹಲವು ಪಟ್ಟು. ಮೊದಲ ವಾರ ಹತ್ತು ದಿನ ಒಳ್ಳೆಯ ಉರಿ ಕೊಡುತ್ತದೆ. ಸೀಳು ಇರುವಾಗ ಹಚ್ಚಿದರೆ ಇನ್ನೂ ಹೆಚ್ಚು. ಚರ್ಮ ಮತ್ತು ದುಗ್ಧಗ್ರಂಥಿಯ ಕ್ಯಾನ್ಸರ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2006ರಲ್ಲಿ ಇದರ ಡಬ್ಬಿಗೆ ಎಚ್ಚರಿಕೆ ಹಾಕಿಸಿದರು. ಮುಲಾಮಿನಿಂದಲೇ ಕ್ಯಾನ್ಸರ್ ಬಂತು ಎಂದು ಸಾಬೀತಾಗಿಲ್ಲ, ಆದರೂ ಮೊದಲೇ ಕ್ಯಾನ್ಸರಿನ ಸಣ್ಣ ಅಪಾಯವಿರುವ ಜಾಗಕ್ಕೆ ರಕ್ಷಣೆ ತಗ್ಗಿಸುವ ಮದ್ದನ್ನು ವರ್ಷಗಟ್ಟಲೆ ಹಚ್ಚಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ. ಸ್ಟಿರಾಯ್ಡ್ ಒಗ್ಗದವರಿಗೆ, ಅದರಿಂದ ಚರ್ಮ ತೆಳುವಾದವರಿಗೆ, ಅದೊಂದರಿಂದಲೇ ಬಗ್ಗದ ರೋಗಕ್ಕೆ ಇದು ಎರಡನೇ ಸಾಲಿನ ಮದ್ದು. ಶೇ. 0.03 ಮತ್ತು 0.1 ಎರಡು ಬಲದಲ್ಲಿ ಸಿಗುತ್ತದೆ. ದೊಡ್ಡವರಿಗೆ ಬರೆಯುವುದು ಸಾಮಾನ್ಯವಾಗಿ 0.1. ಹೆಸರು ಒಂದೇ ಇದ್ದರೂ ಅಂಕಿ ನೋಡಿ ಕೊಳ್ಳಿ.

ಉಳಿದವು

ಟೆಸ್ಟೊಸ್ಟೆರೋನ್ ಮುಲಾಮು ಒಂದು ಕಾಲದಲ್ಲಿ ಬಹಳ ನಡೆಯಿತು. ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2011ರ ಕಾಕ್ರೇನ್ ಪರಿಶೀಲನೆಯಲ್ಲಿ ಅದರ ಉಪಯೋಗ ಕಾಣಲಿಲ್ಲ. ಮುಟ್ಟು ನಿಂತವರಿಗೆ ಬರೆಯುವ ಈಸ್ಟ್ರೊಜೆನ್ ಕ್ರೀಮು ಯೋನಿಯ ಒಣಗುವಿಕೆಗೆ. ಎರಡೂ ತೊಂದರೆ ಇದ್ದರೆ ಎರಡೂ ಟ್ಯೂಬು ಬೇಕಾಗುತ್ತದೆ, ಒಂದರ ಬದಲು ಇನ್ನೊಂದು ಆಗುವುದಿಲ್ಲ. ನಿಮ್ಮದೇ ರಕ್ತದಿಂದ ತೆಗೆದ ಪಿಆರ್‌ಪಿ ಚುಚ್ಚುಮದ್ದು, ಲೇಸರ್ ಎಂದು ಸಾವಿರಗಟ್ಟಲೆ ಕೇಳುವ ಕಡೆ ಕೈ ಬಿಗಿ ಹಿಡಿಯಿರಿ. ಪಿಆರ್‌ಪಿಯನ್ನು ಹುಸಿ ಚುಚ್ಚುಮದ್ದಿನ ಜೊತೆ 2019ರಲ್ಲಿ, ಲೇಸರನ್ನು ಹುಸಿ ಲೇಸರಿನ ಜೊತೆ 2021ರಲ್ಲಿ ಹೋಲಿಸಿದಾಗ ಗಟ್ಟಿಯಾದ ವ್ಯತ್ಯಾಸ ಸಿಗಲಿಲ್ಲ.

ಜಿಡ್ಡು: ಹಗಲಿನ ಮದ್ದು

ರಾತ್ರಿಯದು ಸ್ಟಿರಾಯ್ಡ್, ಹಗಲಿನದು ಬರೀ ಜಿಡ್ಡು. ಇದು ರೋಗ ತಗ್ಗಿಸುವುದಿಲ್ಲ. ಮೂತ್ರ, ಬೆವರು, ಅರಿವೆಯ ತಿಕ್ಕಾಟದಿಂದ ಚರ್ಮವನ್ನು ಕಾಯುತ್ತದೆ. ಆ ಕಾಯುವಿಕೆ ದೊಡ್ಡದು, ಯಾಕೆಂದರೆ ತಿಕ್ಕಿದಲ್ಲಿ, ಗಾಯವಾದಲ್ಲಿ ಈ ರೋಗ ಹೊಸದಾಗಿ ಏಳುತ್ತದೆ. ಹುಬ್ಬಳ್ಳಿ ಧಾರವಾಡದ ನಡುವೆ ದಿನಾ ಸ್ಕೂಟಿಯಲ್ಲಿ ಓಡಾಡುವವರು ಕಡಿತ ಜಾಸ್ತಿ ಇರುವ ವಾರಗಳಲ್ಲಿ ಚಿಗರಿ ಬಸ್ಸು ಹತ್ತುವುದು ಮೇಲು.

ಪರಿಮಳವಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಎಲ್ಲಕ್ಕಿಂತ ಅಗ್ಗ, ಅಲರ್ಜಿ ತೀರಾ ಅಪರೂಪ, ಮೂತ್ರವನ್ನು ಚೆನ್ನಾಗಿ ತಡೆಯುತ್ತದೆ. ನಮ್ಮ ಮತ ಇದಕ್ಕೇ. ಅದರ ಕೊರತೆ ಬೇಸಿಗೆಯಲ್ಲಿ: ಏಪ್ರಿಲ್‌ನ ಗದಗಿನ ಬಿಸಿಲಿಗೆ ಕರಗಿ ಜಾರುತ್ತದೆ, ಒಳಗೆ ಬೆವರು ಕೂಡಿದಂತಾಗುತ್ತದೆ. ಆಗ ತೆಳುವಾಗಿ ಹಚ್ಚಿ, ಸಲ ಹೆಚ್ಚಿಸಿ. ಕೊಬ್ಬರಿ ಎಣ್ಣೆ ಹಗುರ, ಹಚ್ಚಲು ಸಲೀಸು. 24 ಡಿಗ್ರಿ ಸುಮಾರಿಗೆ ಕರಗುವುದರಿಂದ ಧಾರವಾಡದ ಚಳಿಗಾಲದ ಬೆಳಗು ಬಿಟ್ಟರೆ ಯಾವಾಗಲೂ ನೀರಾಗಿಯೇ ಇರುತ್ತದೆ, ಬೇಗ ಒರೆಸಿಹೋಗುತ್ತದೆ. ತಿನ್ನುವ ಶುದ್ಧ ಎಣ್ಣೆಯಾಗಿರಲಿ; ಮಲ್ಲಿಗೆ ಬೆರೆಸಿದ ತಲೆಎಣ್ಣೆ ಬೇಡ. ತುಪ್ಪ ಹಚ್ಚಿದರೆ ತಪ್ಪೇನಿಲ್ಲ, ಆದರೆ ವ್ಯಾಸಲೀನು ಕೊಡದ್ದನ್ನೇನೂ ಅದು ಕೊಡುವುದಿಲ್ಲ, ವಾಸನೆ ಮಾತ್ರ ಕೊಡುತ್ತದೆ. ಅರಿಶಿನ, ಬೇವಿನ ಕಷಾಯ, ಡೆಟ್ಟಾಲ್, ‘ಅಲ್ಲಿಗೇ’ ಎಂದು ಮಾರುವ ಪರಿಮಳದ ವಾಶ್‌ಗಳು ಇವು ಯಾವುವೂ ಬೇಡ. ಕ್ರಿಮಿಯಿಂದ ಬಂದ ರೋಗವಲ್ಲವಾದ್ದರಿಂದ ಕ್ರಿಮಿ ಕೊಲ್ಲುವ ಮದ್ದಿಗೆ ಇಲ್ಲಿ ಕೆಲಸವಿಲ್ಲ.

ಸ್ಟಿರಾಯ್ಡ್, ಜಿಡ್ಡು ಎರಡನ್ನೂ ಒಟ್ಟಿಗೆ ಬೆರೆಸಿ ಹಚ್ಚಬೇಡಿ, ಮದ್ದು ತೆಳುವಾಗಿ ಬೇಡದ ಜಾಗಕ್ಕೆ ಹರಿಯುತ್ತದೆ. ಸ್ಟಿರಾಯ್ಡ್ ಹಚ್ಚಿ ಅರ್ಧ ಗಂಟೆ ಬಿಟ್ಟು ಜಿಡ್ಡು ಹಚ್ಚಿ. ಮೂತ್ರಕ್ಕೆ ಹೋದ ಮೇಲೆ ಒಂದು ಚೊಂಬು ನೀರು ಸಾಕು. ನಲ್ಲಿ ವಾರಕ್ಕೊಮ್ಮೆ ಬರುವ ಓಣಿಯಲ್ಲೂ ಅಷ್ಟು ಹೊಂದೀತು. ಬಚ್ಚಲಿನ ಪೈಪಿನ ಜೋರು ಧಾರೆ ಬೇಡ. ಒರೆಸಿ, ಜಿಡ್ಡು ಸವರಿ. ಬಸ್ ನಿಲ್ದಾಣದ ಶೌಚಾಲಯಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಟ್ಟರೆ ಮೂತ್ರ ಗಟ್ಟಿಯಾಗಿ ಇನ್ನೂ ಉರಿಯುತ್ತದೆ.

ಜಿಡ್ಡಿನ ಬಗ್ಗೆ ಯಾರೂ ಹೇಳದ ಎರಡು ಮಾತಿವೆ. ಪ್ಯಾರಾಫಿನ್ (ಪೆಟ್ರೋಲಿಯಂ ಜೆಲ್ಲಿಯ ಜಿಡ್ಡು) ಇಳಿದ ಅರಿವೆಗೆ ಕಿಡಿ ತಾಗಿದರೆ ಭಗ್ಗನೆ ಹತ್ತುತ್ತದೆ, ಒಗೆದರೂ ಪೂರ್ತಿ ಹೋಗುವುದಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವರು ಜಿಡ್ಡು ಹತ್ತಿದ ಪರಕಾರ (ಲಂಗ), ಹಾಸಿಗೆ ಅರಿವೆಗಳನ್ನು ಬೇಗ ಬೇಗ ಬಿಸಿನೀರು ಸಾಬೂನಿನಲ್ಲಿ ಒಗೆಯಬೇಕು. ಇನ್ನೊಂದು, ಜಿಡ್ಡು ತಾಗಿದ ಲೇಟೆಕ್ಸ್ ಕಾಂಡೋಮ್ ಹರಿಯುತ್ತದೆ. ಕಾಂಡೋಮ್ ಬಳಸುವವರು ಸಂಭೋಗಕ್ಕೆ ಮುನ್ನ ಜಿಡ್ಡು ತೊಳೆದು, ನೀರಿನಂಶದ ಜೆಲ್ಲಿ ಬಳಸಿ.

ಗಂಡಸರಿಗೆ, ಹುಡುಗಿಯರಿಗೆ

ಗಂಡಸರಲ್ಲಿ ಇದು ಶಿಶ್ನದ ತಲೆ ಮತ್ತು ಮುಂದೊಗಲ ಒಳಮೈಗೆ ಬರುತ್ತದೆ, ಗುದಕ್ಕೆ ಬರುವುದು ತೀರಾ ಅಪರೂಪ. ಮುಂದೊಗಲ ಅಂಚು ಬೆಳ್ಳಗೆ ಬಳೆಯಂತೆ ಬಿಗಿಯುತ್ತದೆ. ಮೂತ್ರ ಹೊಯ್ದ ಮೇಲೆ ಒಳಗೆ ಉಳಿಯುವ ನಾಲ್ಕು ಹನಿಯೇ ಕಾರಣ ಎಂಬ ವಾದ ಬಲವಾಗಿದೆ. ಆದ್ದರಿಂದ ಅವಸರ ಮಾಡದೆ ಹಿಂಡಿ ಹನಿ ತೆಗೆದು, ಒರೆಸಿ, ಜಿಡ್ಡು ಸವರುವುದೇ ಅರ್ಧ ಚಿಕಿತ್ಸೆ. ಕ್ಲೊಬೆಟಾಸಾಲ್ ದಿನಕ್ಕೊಮ್ಮೆ ಒಂದರಿಂದ ಮೂರು ತಿಂಗಳು. ತೊಗಲು ಹಿಂದೆ ಸರಿಯದಿದ್ದರೆ ಜಗ್ಗಿ ಸೀಳಬೇಡಿ, ಹತ್ತಿ ಸುತ್ತಿದ ಕಡ್ಡಿಯಿಂದ ಒಳಗೆ ಸವರಿ. ಅದಕ್ಕೂ ಬಗ್ಗದಿದ್ದರೆ ಸುನ್ನತಿ ಶಸ್ತ್ರಚಿಕಿತ್ಸೆ, ತೆಗೆದ ತೊಗಲನ್ನು ಪರೀಕ್ಷೆಗೆ ಕಳಿಸಲು ಹೇಳಿ. ಮೂತ್ರದ ಧಾರೆ ಸಣ್ಣಗಾದರೆ, ಎರಡಾಗಿ ಸಿಡಿದರೆ ಕಾಯಬೇಡಿ, ಮೂತ್ರರೋಗದ ಡಾಕ್ಟರನ್ನು ನೋಡಿ. ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್‌ನಂಥ, ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುವ ಗುಳಿಗೆ ನಡೆದಿದ್ದರೆ ಅದನ್ನೂ ಹೇಳಿ. ಆ ಜಾಗದಲ್ಲಿ ಬೂಸ್ಟು ಸೋಂಕು ತರುವ ಗುಳಿಗೆ ಅದು, ಗಂಡು ಹೆಣ್ಣು ಇಬ್ಬರಿಗೂ.

ಮೈನೆರೆಯದ ಹುಡುಗಿಯರಿಗೂ ಬರುತ್ತದೆ. ಮಲ ಹೋಗುವಾಗ ನೋವಿಗೆ ಹೆದರಿ ತಡೆದು ಮಲಬದ್ಧತೆ ಕಟ್ಟಿಕೊಳ್ಳುತ್ತಾರೆ, ಒಳಚಡ್ಡಿಯಲ್ಲಿ ರಕ್ತದ ಕಲೆ ಕಂಡು ಮನೆಯವರು ಮಗುವಿಗೆ ಯಾರೋ ಏನೋ ಮಾಡಿದರೆಂದು ಗಾಬರಿಯಾಗುತ್ತಾರೆ. ಗಾಬರಿಯನ್ನು ಮನೆಯಲ್ಲೇ ತೀರ್ಮಾನ ಮಾಡದೆ ಡಾಕ್ಟರ ಮುಂದೆ ಇಡಿ, ರೋಗವೋ ದೌರ್ಜನ್ಯವೋ ಎರಡನ್ನೂ ನೋಡಿ ಹೇಳುವುದು ಅವರ ಕೆಲಸ. ಮಕ್ಕಳಿಗೂ ಮದ್ದು ಅದೇ ಕ್ಲೊಬೆಟಾಸಾಲ್, ವೈದ್ಯರ ಕಣ್ಣಳತೆಯಲ್ಲಿ.

ಕೆಲಸ ಮಾಡುತ್ತಿಲ್ಲ ಎನಿಸಿದಾಗ

ಟ್ಯೂಬು ಬದಲಿಸುವ ಮುನ್ನ ಕಾರಣ ಹುಡುಕಿ. ಮೊದಲು ಶಾಂತವಾಗಿ, ಆಮೇಲೆ ಹಠಾತ್ತನೆ ಕಡಿತ ಕೆರಳಿ ಮೊಸರಿನಂಥ ಬಿಳುಪು ಕಂಡರೆ ಬೂಸ್ಟು ಸೋಂಕು ಕೂಡಿಕೊಂಡಿದೆ, ಸಕ್ಕರೆ ಪರೀಕ್ಷೆಯೂ ಆಗಲಿ. ಗೊಂಚಲು ನೀರುಗುಳ್ಳೆ, ಸುಡುವ ನೋವು ಬಂದರೆ ಹರ್ಪಿಸ್ ಇರಬಹುದು. ಸ್ಟಿರಾಯ್ಡ್ ನಿಲ್ಲಿಸಿ ತೋರಿಸಿ. ಹಚ್ಚಿದಾಗಲೆಲ್ಲ ಉರಿದು ಕೆಂಪಾದರೆ ಟ್ಯೂಬಿನ ಬುಡಕ್ಕೇ ಅಲರ್ಜಿ ಇರಬಹುದು, ಬೇರೆ ಕಂಪನಿಯ ಆಯಿಂಟ್ಮೆಂಟು ಒಗ್ಗಬಹುದು. ತೊಡೆಸಂದಿಯಲ್ಲಿ ಕೆಂಪು ಗೆರೆ, ನಸುಗೆಂಪು ನರಗಳು ಕಂಡರೆ ಮದ್ದು ಬೇಡದಲ್ಲಿಗೆ ಹರಿಯುತ್ತಿದೆ, ಮತ್ತೆ ಕನ್ನಡಿ ಹಿಡಿಯಿರಿ. ಬಾಯೊಳಗೂ ಹುಣ್ಣು, ಬಿಳಿ ಜಾಲ ಇದ್ದರೆ ಇದರ ದಾಯಾದಿಯಾದ ಲೈಕೆನ್ ಪ್ಲಾನಸ್ ಇರಬಹುದು, ಅದರ ದಾರಿಯೇ ಬೇರೆ. ಅಂದ ಹಾಗೆ, ನಮ್ಮ ಕಡೆಯವರು ಬೆಂಗಳೂರಿಗೆ ತೋರಿಸಲು ಹೋದಾಗ ‘ಕೆಳಗೆ ತಿಂಡಿ ಬಿಡತದ್ರಿ’ ಅಂದರೆ ಆ ಡಾಕ್ಟರಿಗೆ ಇಡ್ಲಿ ವಡೆ ನೆನಪಾದೀತು, ತುರಿಕೆ ಅನ್ನಿ.

ಇವು ಕಂಡರೆ ಮಾತ್ರ ಮೂರು ತಿಂಗಳು ಕಾಯಬಾರದು: ಮಾಯದ ಹುಣ್ಣು, ಕೈಗೆ ಹತ್ತುವ ಗಂಟು, ನರೂಲಿಯಂತೆ ಗಟ್ಟಿಯಾಗಿ ಎದ್ದ ತುಣುಕು, ಕಾರಣವಿಲ್ಲದ ರಕ್ತ. ಆ ಜಾಗ ಮರಗಟ್ಟಿಸಿ ಮೂರು ನಾಲ್ಕು ಮಿಲಿಮೀಟರಿನ ಚರ್ಮದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕಣ್ಣಿಗೇ ಸ್ಪಷ್ಟವಾಗಿ ತಿಳಿಯುವ ರೋಗಕ್ಕೆ ಎಲ್ಲರಿಗೂ ಬಯಾಪ್ಸಿ ಬೇಕಿಲ್ಲ. ಹೀಗಾದಾಗ, ಅಥವಾ ಮೂರು ತಿಂಗಳು ಸರಿಯಾಗಿ ಹಚ್ಚಿಯೂ ಬಗ್ಗದಿದ್ದಾಗ ಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಗದಗಿನ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮ, ಸ್ತ್ರೀರೋಗ ಎರಡೂ ವಿಭಾಗ ಒಂದೇ ಆವರಣದಲ್ಲಿರುವುದು ಇಂಥ ಹೊತ್ತಿಗೆ ಅನುಕೂಲ.

ಟ್ಯೂಬನ್ನು ತಗಡಿನ ಚಾವಣಿಯ ಕೆಳಗಿನ ಗೂಡಿನಲ್ಲಿ ಇಡಬೇಡಿ; ನೀರಿನ ಗಡಿಗೆ ಇಡುವ ಮೂಲೆ ತಂಪಾಗಿರುತ್ತದೆ. ಮೇಲೆ ಪೆನ್ನಿನಿಂದ ನಿಮ್ಮ ಗುರುತು, ತೆರೆದ ತಾರೀಖು ಬರೆಯಿರಿ. ಬರೆಯದ ಟ್ಯೂಬು ಒಂದು ದಿನ ಮನೆಯ ಹರೆಯದವರ ಮುಖದ ಮೊಡವೆಗೆ ಹೋಗಿರುತ್ತದೆ, ಅತಿ ಪ್ರಬಲ ಸ್ಟಿರಾಯ್ಡ್ ಮುಖಕ್ಕೆ ಮಾಡುವ ಹಾನಿ ಸರಿಪಡಿಸಲು ವರ್ಷ ಹಿಡಿಯುತ್ತದೆ. ಮೂರನೇ ತಿಂಗಳ ಭೇಟಿಗೆ ಹೋಗುವಾಗ ಅದೇ ಟ್ಯೂಬನ್ನು ಕೈಚೀಲದಲ್ಲಿ ಒಯ್ಯಿರಿ. ಎಷ್ಟು ಉಳಿದಿದೆ ಎಂದು ಡಾಕ್ಟರು ಒತ್ತಿ ನೋಡಿದರೆ ಮುಂದಿನ ಪ್ರಶ್ನೆ ಅರ್ಧ ಕಡಿಮೆಯಾಗುತ್ತದೆ.